ಇಲಿಗೆ ಹಿಡಿಸಿತೋ ಇಲ್ಲವೋ, ತಿಳಿಯುವುದು ಹೇಗೆ?

ಒಂದು ಔಷಧಿ ಇಲಿಗೆ ಹಾಯೆನಿಸಿತಾ, ಹೊಟ್ಟೆ ತೊಳಸಿತಾ? ಕೇಳಿದರೆ ಅದು ಹೇಳುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ, ಎಲ್ಲಿಂದ ದೂರ ಇರುತ್ತದೆ ಎಂದು ನೋಡಿಯೇ ತಿಳಿಯಬೇಕು.

ಇದಕ್ಕೆ ಎರಡು ಕೋಣೆಗಳ ಪೆಟ್ಟಿಗೆಯೊಂದಿದೆ. ಒಂದು ಕೋಣೆಯ ಗೋಡೆಗೆ ಪಟ್ಟೆ, ನೆಲಕ್ಕೆ ಜಾಲರಿ. ಇನ್ನೊಂದು ಪೂರ್ತಿ ಬಿಳಿ, ನೆಲ ನುಣುಪು. ಮೊದಲು ಇಲಿಯನ್ನು ಸುಮ್ನೆ ಓಡಾಡಲು ಬಿಟ್ಟು, ಎಲ್ಲಿ ಎಷ್ಟು ಹೊತ್ತು ಇತ್ತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಕೆಲವು ದಿನ ನಡುವಿನ ಬಾಗಿಲು ಬಂದ್. ಅಮಲೇರಿಸುವ ಮಾರ್ಫಿನ್ ಚುಚ್ಚಿದಾಗೆಲ್ಲ ಪಟ್ಟೆ ಕೋಣೆ, ಬರೀ ಸಲೈನ್ (ಉಪ್ಪುನೀರು) ಚುಚ್ಚಿದಾಗೆಲ್ಲ ಬಿಳಿ ಕೋಣೆ. ಕೊನೆಗೆ ಏನನ್ನೂ ಚುಚ್ಚದೆ ಬಾಗಿಲು ತೆರೆಯುತ್ತಾರೆ. ಇಲಿ ಪಟ್ಟೆ ಕೋಣೆಯಲ್ಲೇ ಮೊದಲಿಗಿಂತ ಜಾಸ್ತಿ ಹೊತ್ತು ಸುಳಿದಾಡುತ್ತದೆ. ಮಾರ್ಫಿನ್ ಬದಲು ಹೊಟ್ಟೆ ಕೆಡಿಸುವ ಲಿಥಿಯಂ ಕ್ಲೋರೈಡ್ ಕೊಟ್ಟಿದ್ದರೆ ಆ ಕಡೆ ಹೋಗುವುದೇ ಕಮ್ಮಿ.

ಕೊನೆಯ ದಿನ ಮೈಯಲ್ಲಿ ಔಷಧಿ ಇಲ್ಲ ಎಂಬುದೇ ಇಲ್ಲಿನ ಜಾಣತನ. ನಾವು ಅಳೆಯುತ್ತಿರುವುದು ಅಮಲನ್ನಲ್ಲ, ನೆನಪನ್ನು. ಆದರೂ ಒಂದು ತೊಡಕಿದೆ. ಇಲಿಗೆ ಬೆಳಕಿನ ಜಾಗ ಅಂದರೆ ಮೊದಲೇ ಆಗದು. ಬಿಳಿ ಕೋಣೆಯಲ್ಲಿ ಕೊಟ್ಟ ಔಷಧಿ ಆ ಹೆದರಿಕೆಯನ್ನಷ್ಟೇ ಕಡಿಮೆ ಮಾಡಿದರೂ ಬಿಳಿ ಕೋಣೆ ಇಷ್ಟವಾದಂತೆ ಕಾಣುತ್ತದೆ. ಅದಕ್ಕೇ ಅರ್ಧ ಇಲಿಗಳಿಗೆ ಪಟ್ಟೆ ಕೋಣೆಯಲ್ಲಿ, ಉಳಿದರ್ಧಕ್ಕೆ ಬಿಳಿ ಕೋಣೆಯಲ್ಲಿ ಔಷಧಿ ಕೊಡುತ್ತಾರೆ. ಈ ಎಚ್ಚರ ವಹಿಸದ ಫಲಿತಾಂಶವನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ರುಚಿಯ ಕಥೆ ಬೇರೆ. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಲಿಂಗ್ ಇಲಿಗಳಿಗೆ ಸಿಹಿ ನೀರು ಕುಡಿಸಿದರು. ನಾಲಿಗೆ ತಾಗಿದಾಗೆಲ್ಲ ಬೆಳಕು ಮಿನುಗಿ ಸದ್ದಾಗುತ್ತಿತ್ತು. ಕೆಲವು ಇಲಿಗಳಿಗೆ ಶಾಕ್ ಕೊಟ್ಟರು, ಇನ್ನು ಕೆಲವುಗಳ ಹೊಟ್ಟೆ ಕೆಡಿಸಿದರು. ಕಾಲಿಗೆ ಶಾಕ್ ತಗುಲಿದ ಇಲಿಗಳು ಆಮೇಲೆ ಬೆಳಕು-ಸದ್ದಿಗೆ ಹಿಂಜರಿದವು, ಸಿಹಿಯನ್ನು ದೂರಲಿಲ್ಲ. ಹೊಟ್ಟೆ ಕೆಟ್ಟ ಇಲಿಗಳು ಸಿಹಿಯನ್ನೇ ಬಿಟ್ಟವು, ಬೆಳಕು-ಸದ್ದನ್ನು ಲೆಕ್ಕಕ್ಕೇ ಇಡಲಿಲ್ಲ. ಯಾವುದನ್ನು ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು ಎಂದು ನಂಬಿದ್ದ ಅಂದಿನ ಮನೋವಿಜ್ಞಾನಿಗಳಿಗೆ ಇದು ನುಂಗಲಾರದ ತುತ್ತಾಯಿತು. ಮೇಲಾಗಿ, ಕುಡಿದು ಗಂಟೆಗಳ ಬಳಿಕ ಹೊಟ್ಟೆ ಕೆಟ್ಟರೂ ಇಲಿ ಆ ರುಚಿಯ ಮೇಲೇ ತಪ್ಪು ಹೊರಿಸುತ್ತದೆ!

ಆದರೆ ಕುಡಿಯುವುದನ್ನು ಬಿಟ್ಟಿತು ಅಂದಮಾತ್ರಕ್ಕೆ ರುಚಿ ಕೆಟ್ಟದೆನಿಸಿತು ಅಂತಲ್ಲ. ಅದನ್ನು ತಿಳಿಯಲು ಮುಖವನ್ನೇ ನೋಡಬೇಕು. ಬಾಯಿಗೆ ಸಿಹಿ ಹನಿಸಿದರೆ ಇಲಿ ನಾಲಿಗೆ ಚಾಚಿ ತುಟಿ ಸವರುತ್ತದೆ. ಕಹಿ ಹನಿಸಿದರೆ ಬಾಯಿ ಅಗಲಿಸುತ್ತದೆ, ತಲೆ ಕೊಡವುತ್ತದೆ, ಗದ್ದವನ್ನು ನೆಲಕ್ಕೆ ಉಜ್ಜುತ್ತದೆ. ಎಲ್ಲ ಕ್ಷಣಾರ್ಧದ ಆಟ, ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿ ಎಣಿಸುತ್ತಾರೆ. ಲಿಥಿಯಂನಿಂದ ಹೊಟ್ಟೆ ಕೆಡಿಸಿಕೊಂಡ ಇಲಿ ಸಿಹಿಗೂ ಹೀಗೆ ಬಾಯಿ ಅಗಲಿಸುತ್ತದೆ. ಬೇರೆ ಪ್ರಯೋಗಗಳಲ್ಲಿ ಶಾಕ್ ಭಯದಿಂದ ಸಿಹಿಯನ್ನೂ ಬಿಟ್ಟ ಇಲಿ ಮಾತ್ರ ಹಾಗೆ ಮಾಡುವುದಿಲ್ಲ.

ಇನ್ನೂ ಸೋಜಿಗದ್ದು ಮೈಮನಸ್ಸನ್ನು ಚುರುಕುಗೊಳಿಸುವ ಆಂಫೆಟಮೈನ್ ಎಂಬ ಔಷಧಿ. ಅದನ್ನು ಕೊಟ್ಟ ಕೋಣೆಗೆ ಇಲಿ ಹುಡುಕಿಕೊಂಡು ಹೋಗುತ್ತದೆ. ಅದರ ಜೊತೆ ಕೊಟ್ಟ ಹೊಸ ರುಚಿಯನ್ನು ಮಾತ್ರ ಕಡಿಮೆ ಕುಡಿಯುತ್ತದೆ, ಅದೂ ಮುಖ ಕಿವುಚದೆ. ಒಂದೇ ಔಷಧಿಗೆ ಎರಡು ಉತ್ತರ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಹೊಸದೇನನ್ನೋ ತಿಂದ ಮೇಲೆ ಮೈಯಲ್ಲಿ ಒಳ್ಳೆಯದೋ ಕೆಟ್ಟದೋ ಏನೇ ಬದಲಾದರೂ ಆ ರುಚಿಯಿಂದ ದೂರ ಇರುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.