ನೋವಿಗೆ ಬಸ್ಸಿನ ವೇಳಾಪಟ್ಟಿ ಇಲ್ಲ

ಕ್ಯಾನ್ಸರ್ ಮೂಳೆಗೆ ಹಬ್ಬಿದವರನ್ನು ನಾಲ್ಕು ತಾಸು ಬಸ್ಸಿನಲ್ಲಿ ಕೂರಿಸಿ ನನ್ನ ಬಳಿ ಕರೆತರುತ್ತಾರೆ. ಬರುವುದು ನೋವು ತಗ್ಗಿಸಿಕೊಳ್ಳಲು. ದಾರಿಯ ಕುಲುಕಾಟಕ್ಕೆ ಅದು ಇಮ್ಮಡಿಯಾಗಿರುತ್ತದೆ. ಅವರು ಬರಬೇಕಿರಲಿಲ್ಲ, ಔಷಧಿ ಅವರ ಬಳಿಗೆ ಹೋಗಬೇಕಿತ್ತು.

ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಇಂಥ ಆರೈಕೆಗೆ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಎನ್ನುತ್ತಾರೆ. ಅದೆಂದರೆ ಕೊನೆಯ ವಾರದ ಉಪಚಾರ ಎಂದುಕೊಂಡವರು ವೈದ್ಯರಲ್ಲೂ ಇದ್ದಾರೆ. ಹೃದಯ ಸೋತವರಿಗೂ ಶ್ವಾಸಕೋಶ ಕೆಟ್ಟವರಿಗೂ ಇದು ಬೇಕು, ಅದೂ ಚಿಕಿತ್ಸೆ ನಡೆಯುತ್ತಿರುವಾಗಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 5.68 ಕೋಟಿ ಜನರಿಗೆ ಇದರ ಅಗತ್ಯವಿದೆ. ಸಿಗುತ್ತಿರುವುದು ಶೇ 14ರಷ್ಟು ಮಂದಿಗೆ.

ಹಳ್ಳಿಗಾಗಿ ದೊಡ್ಡ ಕಟ್ಟಡ ಕೇಳುವವರ ಜೊತೆ ನನಗೆ ಜಗಳವಿದೆ. ಮೊದಲು ಬೇಕಾದದ್ದು ಕುಡಿಸುವ ಮಾರ್ಫಿನ್, ಅಫೀಮಿನಿಂದ ಬರುವ ಪ್ರಬಲ ನೋವು ನಿವಾರಕ. ನಾಲ್ಕು ಗಂಟೆಗೊಮ್ಮೆ ಕೊಡುವ ಈ ದ್ರವ ದುಬಾರಿಯದೇನಲ್ಲ. ಅಡ್ಡಿಯಾಗಿರುವುದು ಕಾನೂನಿನ ಭಯ ಮತ್ತು ಚಟ ಹತ್ತುತ್ತದೆಂಬ ಅಳುಕು. ಅಳತೆ ಅರಿತು, ನೋವಿಗೆ ತಕ್ಕಂತೆ ಕೊಟ್ಟರೆ ಚಟ ಹತ್ತುವುದು ಅಪರೂಪ. ಮಲಬದ್ಧತೆ ಮಾತ್ರ ಬಹುತೇಕ ಎಲ್ಲರಿಗೂ ಆಗುತ್ತದೆ. ಅದಕ್ಕೂ ಅದೇ ಚೀಟಿಯಲ್ಲಿ ಔಷಧಿ ಬರೆಯದಿದ್ದರೆ ನಾಲ್ಕನೆಯ ದಿನ ಮಾರ್ಫಿನ್ ಬಾಟಲಿ ಮೂಲೆ ಸೇರುತ್ತದೆ.

ಬರೆಯುವವರು ಯಾರು? ಎಲ್ಲದಕ್ಕೂ ವೈದ್ಯರೇ ಬೇಕೆಂದರೆ ಹಳ್ಳಿಗೆ ಸರದಿ ಬರುವುದೇ ಇಲ್ಲ. ವಿಶೇಷ ತರಬೇತಿ ಪಡೆದ ನರ್ಸ್‌ಗಳಿಗೆ ಉಗಾಂಡ 2004ರಲ್ಲೇ ಮಾರ್ಫಿನ್ ಬರೆಯುವ ಅಧಿಕಾರ ಕೊಟ್ಟಿತು. ಕೇರಳದಲ್ಲಿ ನೆರೆಹೊರೆಯ ಸ್ವಯಂಸೇವಕರು ಕಟ್ಟಿದ ಮನೆ ಆರೈಕೆಯ ಜಾಲವಿತ್ತು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೊಂದು ನೀತಿಯನ್ನೇ ಪ್ರಕಟಿಸಿತು.

ಮನೆಗೆ ಹೋಗುವ ನರ್ಸ್ ಏನು ಮಾಡಬಲ್ಲಳು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರ ಕೆನ್ನೆಯ ಗಡ್ಡೆ ಒಡೆದು ವಾಸನೆ ಹೊಡೆಯುತ್ತಿತ್ತು. ಮನೆಯವರು ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದರು. ಆಕೆ ಗಾಯ ತೊಳೆದು, ವಾಸನೆ ತರುವ ಸೂಕ್ಷ್ಮಾಣುಗಳನ್ನು ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸಿ ಪಟ್ಟಿ ಕಟ್ಟಿದಳು. ದಿನವೂ ಹೀಗೆಯೇ ಮಾಡುವುದನ್ನು ಮಗಳಿಗೆ ತೋರಿಸಿಕೊಟ್ಟಳು. ಮುಂದಿನ ವಾರ ಹೋದಾಗ ಮೊಮ್ಮಗು ಅವರ ಹಾಸಿಗೆಯ ಮೇಲೆ ಕುಳಿತಿತ್ತು. ಇದಕ್ಕೆ ಯಾವ ಸ್ಕ್ಯಾನಿಂಗ್ ಯಂತ್ರವೂ ಬೇಕಾಗಿರಲಿಲ್ಲ.

ಇನ್ನೊಂದು ಬೇಕು: ರಾತ್ರಿ ಕರೆ ಮಾಡಿದರೆ ಎತ್ತುವ ಫೋನ್. ಅರ್ಧ ಮಂದಿ ಆಸ್ಪತ್ರೆಗೆ ಓಡಿಬರುವುದು ರೋಗ ಏರಿದ್ದಕ್ಕಲ್ಲ, ಕೇಳಲು ಯಾರೂ ಇಲ್ಲದ್ದಕ್ಕೆ ಎಂಬುದು ನನ್ನ ಅನುಭವದ ಲೆಕ್ಕ. ಆ ಮಗಳಿಗೆ ಓದು ಬರುತ್ತಿರಲಿಲ್ಲ. ನರ್ಸ್ ಸಿರಿಂಜಿನ ಮೇಲೆ ಕೆಂಪು ಗೆರೆ ಎಳೆದು, ಮಾರ್ಫಿನ್ ಅಲ್ಲಿಯವರೆಗೆ ಮಾತ್ರ ಎಂದು ಹೇಳಿಬಂದಿದ್ದಳು. ಮೊದಲ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಬಡಿದುಕೊಂಡಿತು: "ಡಾಕ್ಟರೇ, ಗೆರೆಯ ಮೇಲಕ್ಕೋ, ಕೆಳಕ್ಕೋ?"