‘ನನ್ನ ಲ್ಯಾಪ್‌ಟಾಪಲ್ಲಿ ಸರಿ ಬರ್ತಿದೆಯಲ್ಲ ಸರ್!’

ಕೋಡ್ ತಾನಾಗಿಯೇ ಚೆಕ್ ಮಾಡುವ ಸೈಟಿಗೆ ಹಾಕಿದ ಪ್ರೋಗ್ರಾಂ ‘ತಪ್ಪು’ ಎಂದು ಬಂದಾಗ ಕೇಳಿಬರುವ ಮಾತು ಇದು. ಪೈಥಾನ್ ಭಾಷೆ ಹೊಸದಾಗಿ ಕಲಿಯುವವರ ಕೋಡ್‌ನಲ್ಲಿ ಲೆಕ್ಕ ಬಹುತೇಕ ಸರಿಯೇ ಇರುತ್ತದೆ. ಕೆಡುವುದು ಇನ್‌ಪುಟ್ ಓದುವ ಸಾಲಿನಲ್ಲಿ. input() ಬ್ರಾಕೆಟ್‌ ಒಳಗೆ “ಎರಡು ಸಂಖ್ಯೆ ಕೊಡಿ: ” ಎಂಬ ಪ್ರಾಂಪ್ಟ್, ಅಂದರೆ ಇನ್‌ಪುಟ್ ಕೇಳುವ ಮಾತು, ಬರೆದಿರುತ್ತಾರೆ. ತೆಗೆಯಿರಿ ಎಂದರೆ ‘ಅದು ಯೂಸರ್‌ಗೆ ಹೇಳೋ ಮಾತು ಸರ್, ಉತ್ತರ ಅಲ್ವಲ್ಲ’ ಎಂಬ ವಾದ. ಅಲ್ಲಿ ಯೂಸರ್ ಯಾರೂ ಕೂತಿಲ್ಲ ಮಾರಾಯರೆ! ಚೆಕ್ ಮಾಡುವ ಪ್ರೋಗ್ರಾಂ ತಾನೇ ಸಂಖ್ಯೆಗಳನ್ನು ಕೊಟ್ಟು, ನಿಮ್ಮ ಕೋಡ್ ಪ್ರಿಂಟ್ ಮಾಡಿದ್ದನ್ನೆಲ್ಲ ಹಿಡಿದು, ತನ್ನಲ್ಲಿರುವ ಉತ್ತರದ ಜೊತೆ ತಾಳೆ ನೋಡುತ್ತದೆ. ಪ್ರಾಂಪ್ಟ್ ಕೂಡ ಔಟ್‌ಪುಟ್ಟೇ.

ಪರದೆಯ ಮೇಲೆ ಇದು ಗೊತ್ತಾಗುವುದಿಲ್ಲ, ನಿಜ. ಕೂಡಿಸುವ ಲೆಕ್ಕಕ್ಕೆ 5 7 ಟೈಪ್ ಮಾಡಿ ಎಂಟರ್ ಒತ್ತುತ್ತೀರಿ, ಕೆಳಗಿನ ಸಾಲಿನಲ್ಲಿ 12 ಬರುತ್ತದೆ. ಆದರೆ ಆ ಸಾಲು ಮುರಿದದ್ದು ನೀವು ಒತ್ತಿದ ಎಂಟರ್, ಕೋಡ್ ಅಲ್ಲ. ಚೆಕರ್‌ಗೆ ಸಿಗುವುದು “ಎರಡು ಸಂಖ್ಯೆ ಕೊಡಿ: 12” ಎಂಬ ಒಂದೇ ಸಾಲು. ಅದಕ್ಕೆ ಬೇಕಿದ್ದದ್ದು 12.

ನಂಬಿಕೆ ಬರದಿದ್ದರೆ ಪ್ರಶ್ನೆಯಲ್ಲಿ ಕೊಟ್ಟಿರುವ ಮಾದರಿ ಇನ್‌ಪುಟ್ಟನ್ನು ಒಂದು ಟೆಕ್ಸ್ಟ್ ಫೈಲಿಗೆ ಹಾಕಿ. ಪ್ರೋಗ್ರಾಂ ರನ್ ಮಾಡುವ ಕಮಾಂಡಿನ ಕೊನೆಗೆ < ಹಾಕಿ ಆ ಫೈಲಿನ ಹೆಸರು, ಆಮೇಲೆ > ಹಾಕಿ ಇನ್ನೊಂದು ಹೊಸ ಫೈಲಿನ ಹೆಸರು ಬರೆಯಿರಿ. ವಿಂಡೋಸ್‌ನ ಪವರ್‌ಶೆಲ್ ಈ < ಒಪ್ಪುವುದಿಲ್ಲ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಆ ಹೊಸ ಫೈಲಿನಲ್ಲಿ ಇರುವುದಷ್ಟೇ ಚೆಕರ್‌ಗೆ ಕಾಣುವುದು. ‘ಸೈಟೇ ಸರಿ ಇಲ್ಲ’ ಅನ್ನುವ ಮೊದಲು ಇದೊಂದು ಮಾಡಿ. ಕೆಲವು ಪ್ರಶ್ನೆಗಳು ಪ್ರಾಂಪ್ಟ್ ಬೇಕೆಂದೇ ಕೇಳುತ್ತವೆ. ಆಗ ಅಲ್ಲಿರುವುದನ್ನೇ ಕಾಪಿ ಮಾಡಿ, ಕೋಲನ್ ಸಹಿತ.

ಸಾಲಿನ ಕೊನೆಯ ಸ್ಪೇಸನ್ನು ಕೆಲವು ಚೆಕರ್‌ಗಳು ಮನ್ನಿಸುತ್ತವೆ, ಎಲ್ಲವೂ ಅಲ್ಲ. ಲಿಸ್ಟನ್ನು ಲೂಪ್‌ನಲ್ಲಿ ಒಂದೊಂದಾಗಿ ಪ್ರಿಂಟ್ ಮಾಡುವ ಬದಲು ಲಿಸ್ಟಿನ ಹೆಸರಿನ ಎಡಕ್ಕೆ * ಹಾಕಿ ಒಮ್ಮೆಗೇ ಪ್ರಿಂಟ್ ಮಾಡಿದರೆ ಸ್ಪೇಸ್ ನಡುವೆ ಮಾತ್ರ ಬೀಳುತ್ತದೆ. 12 / 2 ಕೊಡುವುದು 6.0, 6 ಬೇಕಿದ್ದರೆ // ಬಳಸಿ. ಋಣಸಂಖ್ಯೆ ಬಂದಾಗ ಎಚ್ಚರ: ಪೈಥಾನ್‌ನಲ್ಲಿ -7 // 2 ಅಂದರೆ -4, ಸಿ ಭಾಷೆಯ -7 / 2 ಕೊಡುವುದು -3. ಫಂಕ್ಷನ್ ಬರೆಯಲು ಹೇಳಿದ್ದರೆ ರಿಟರ್ನ್ ಮಾಡಿ, ಪ್ರಿಂಟ್ ಬೇಡ.

ಮಾದರಿ ಪಾಸಾಗಿ ಹಿಡನ್ ಟೆಸ್ಟ್ (ನಮಗೆ ತೋರಿಸದ ಇನ್‌ಪುಟ್) ಮಾತ್ರ ಬಿದ್ದರೆ ಸಂಖ್ಯೆಯ ಗಾತ್ರ ನೋಡಿ. ಸಿ ಭಾಷೆಯ 32 ಬಿಟ್ ಇಂಟ್‌ನಲ್ಲಿ 12ರ ಫ್ಯಾಕ್ಟೋರಿಯಲ್ (1ರಿಂದ 12ರವರೆಗಿನ ಗುಣಲಬ್ಧ) ಹಿಡಿಸುತ್ತದೆ, 13ರದ್ದು ಹಿಡಿಸುವುದಿಲ್ಲ. ಅದಕ್ಕಿಂತ ದೊಡ್ಡ ಟೈಪ್ ಆದ ಲಾಂಗ್ ಲಾಂಗ್ 20ರ ಫ್ಯಾಕ್ಟೋರಿಯಲ್‌ವರೆಗೆ ಸಾಕು. ಆದರೆ ಸಿಯಲ್ಲಿ ಪ್ರಿಂಟ್ ಮಾಡುವ ಪ್ರಿಂಟ್‌ಎಫ್‌ನ (printf) ಫಾರ್ಮ್ಯಾಟನ್ನೂ ಬದಲಿಸಬೇಕು.