ಚೆನ್ನಾಗಿರುವ ಜಠರವನ್ನು ಮೊದಲು ಓದಬೇಕಿತ್ತು

ಎಂಡೋಸ್ಕೋಪಿ ಮಾಡುವಾಗ ವೈದ್ಯರು ಜಠರದ ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ತುಣುಕು ಚಿವುಟಿ ತೆಗೆಯುತ್ತಾರೆ. ಇದೇ ಬಯಾಪ್ಸಿ. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಜೀವಕೋಶಗಳ ಆಕಾರ ಕಾಣುತ್ತದೆ. ಅವುಗಳೊಳಗೆ ಯಾವ ರಾಸಾಯನಿಕ ಎಷ್ಟಿದೆ ಅನ್ನೋದು ಕಾಣುವುದಿಲ್ಲ. ಅದಕ್ಕೆ ಬೇಕಾಗುವುದು ಮ್ಯಾಗ್ನೆಟಿಕ್ ರೆಸೊನೆನ್ಸ್ ಸ್ಪೆಕ್ಟ್ರೋಸ್ಕೋಪಿ. ಎಂಆರ್‌ಐ ಕೆಲಸ ಮಾಡುವ ತತ್ವವೇ ಇದಕ್ಕೂ ಆಧಾರ. ಆದರೆ ಇದು ಚಿತ್ರ ಕೊಡುವುದಿಲ್ಲ, ಏರಿಳಿಯುವ ಗೆರೆ ಕೊಡುತ್ತದೆ. ಆ ಗೆರೆಯಲ್ಲಿ ಒಂದೊಂದು ಅಣುವಿಗೂ ಅದರದೇ ಶಿಖರಗಳಿರುತ್ತವೆ.

ಶುರುವಾಗಿದ್ದು 1946ರಲ್ಲಿ. ಕಾಂತದ ನಡುವೆ ಇಟ್ಟ ಪರಮಾಣು ಬೀಜಗಳು ರೇಡಿಯೊ ತರಂಗಕ್ಕೆ ಓಗೊಡುವುದನ್ನು ಸ್ಟ್ಯಾನ್‌ಫರ್ಡ್‌ನ ಫೆಲಿಕ್ಸ್ ಬ್ಲಾಕ್ ಮತ್ತು ಹಾರ್ವರ್ಡ್‌ನ ಎಡ್ವರ್ಡ್ ಪರ್ಸೆಲ್ ತಂಡಗಳು ಬೇರೆಬೇರೆಯಾಗಿ ಕಂಡವು. ಇಬ್ಬರಿಗೂ 1952ರಲ್ಲಿ ನೊಬೆಲ್ ಬಂತು. ಅವರಿಗೆ ಬೇಕಿದ್ದದ್ದು ಬೀಜದ ಕಾಂತಗುಣದ ನಿಖರ ಅಳತೆ. ಆದರೆ 1950ರ ಹೊತ್ತಿಗೆ ತೊಡಕೊಂದು ಎದುರಾಯಿತು. ಒಂದೇ ಬಗೆಯ ಬೀಜ, ಸುತ್ತಲಿನ ಅಣು ಬದಲಾದರೆ ಬೇರೆ ಆವರ್ತನದ ರೇಡಿಯೊ ತರಂಗಕ್ಕೆ ಉತ್ತರ ಕೊಡುತ್ತಿತ್ತು! ಅಳತೆಗೆ ಅಡ್ಡಿಯಾದ ಇದೇ ಗುಣ ರಸಾಯನಶಾಸ್ತ್ರದವರಿಗೆ ವರವಾಯಿತು. 1951ರಲ್ಲಿ ಬ್ಲಾಕ್ ಅವರ ಪ್ರಯೋಗಾಲಯದ ಮೂವರು ಮದ್ಯಸಾರದಲ್ಲಿ ಮೂರು ಶಿಖರಗಳನ್ನು ಬೇರೆಬೇರೆಯಾಗಿ ತೋರಿಸಿದರು. ಆ ಮೂವರಲ್ಲಿ ನಮ್ಮ ದೇಶದ ಎಸ್.ಎಸ್. ಧರ್ಮತ್ತಿ ಒಬ್ಬರು. ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರೂ ಅವರೇ. ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕಿತ್ತು.

ತುಣುಕು ತೆಗೆಯದೆಯೇ ಮೆದುಳಿನಲ್ಲಿ ಈ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ, ಅದು ಅಲುಗಾಡದೆ ಇರುತ್ತದೆ. ಜಠರ ಹಾಗಲ್ಲ. ಉಸಿರಿನ ಜೊತೆ ಅಲುಗುತ್ತದೆ, ನಿಮಿಷಕ್ಕೆ ಸುಮಾರು ಮೂರು ಸಲ ತಾನೇ ಹಿಂಡಿಕೊಳ್ಳುತ್ತದೆ. ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಒಳಗಿನ ಗಾಳಿ ಕಾಂತಕ್ಷೇತ್ರವನ್ನೇ ಕೆಡಿಸುತ್ತದೆ. ಅದಕ್ಕೇ ತುಣುಕನ್ನು ಹೊರತೆಗೆದು ನೋಡುವ ದಾರಿ ಹಿಡಿಯಬೇಕಾಯಿತು.

ಅಲ್ಲೂ ಸುಮ್ನೆ ಟ್ಯೂಬಿನಲ್ಲಿ ಇಟ್ಟರೆ ಆಗದು. ಅಂಗಾಂಶ ದ್ರವವೂ ಅಲ್ಲ, ಪೂರ್ತಿ ಘನವೂ ಅಲ್ಲ. ಶಿಖರಗಳು ಅಗಲವಾಗಿ ಒಂದರ ಮೇಲೊಂದು ಬೀಳುತ್ತವೆ. ಪರಿಹಾರ ಹಳೆಯದೇ. ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಾಗಿಟ್ಟು, ಬುಗುರಿಯಂತೆ ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸುವುದು. ಘನವಸ್ತುಗಳಿಗಾಗಿ ಬ್ರಿಟನ್ನಿನ ರೇಮಂಡ್ ಆ್ಯಂಡ್ರ್ಯೂ 1958ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಮನುಷ್ಯರ ಅಂಗಾಂಶಕ್ಕೆ ಅದು ಬಂದಿದ್ದು 1990ರ ದಶಕದ ಕೊನೆಯಲ್ಲಿ.

ಇಟಲಿಯ ಬೊಲೊನ್ಯಾ ಮತ್ತು ಮೊಡೆನಾದ ಸಂಶೋಧಕರು ಇದನ್ನು ಜಠರಕ್ಕೆ ತಂದರು. ಅವರ ವರದಿಗಳ ಪ್ರಕಾರ, ಆರೋಗ್ಯವಂತ ಒಳಪದರದಲ್ಲಿ ಹಲವಾರು ಸಣ್ಣ ಅಣುಗಳ ಗುರುತು ಸಿಕ್ಕಿತು. ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ತೀರಾ ಕಡಿಮೆ. ಕ್ಯಾನ್ಸರ್ ಗಡ್ಡೆಯ ಗೆರೆಯಲ್ಲಾದರೋ ಅದೇ ಕೊಬ್ಬು ಎದ್ದು ನಿಂತಿತ್ತು. ಮೊದಲಿನದು ಗೊತ್ತಿಲ್ಲದಿದ್ದರೆ ಎರಡನೆಯದು ವಿಚಿತ್ರ ಅಂತ ಹೇಳೋದು ಹೇಗೆ, ಅಲ್ವಾ? ಚೆನ್ನಾಗಿರುವ ಜಠರದ ಅಧ್ಯಯನ ನನಗೆ ಇಷ್ಟು ಮುಖ್ಯ ಅನಿಸುವುದು ಇದಕ್ಕೇ.

ತುಣುಕು ಹೊರಬಂದ ಮೇಲೂ ಕೋಶಗಳು ಕೆಲಹೊತ್ತು ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಹಾಗಾಗಿ ಅದನ್ನು ತಕ್ಷಣ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದೇ ತುಣುಕನ್ನು ಪ್ಯಾಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಗೆರೆ ಕೊಟ್ಟ ಅಂಗಾಂಶ ನಿಜಕ್ಕೂ ಆರೋಗ್ಯವಾಗಿತ್ತೇ ಅಂತ ಅಲ್ಲಿ ತಾಳೆ ನೋಡುತ್ತಾರೆ.